ಘಟ್ಟದ ಸಸಿ ಯಾಕೆ ಹಳದಿ? ಮನೆಯೊಳಗೆ ಅಗೆ ಹಾಕುವ ಬಗ್ಗೆ ಒಂದಿಷ್ಟು ಮಾತು

(ಬಳ್ಳಾರಿಯಲ್ಲಿ ಆಗಸ್ಟ್ ಮೂರನೇ ವಾರ, ತಾರಸಿ ತೋಟ ಮಾಡುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ)

ನವರಾತ್ರಿಯಲ್ಲಿ ಮನೆಯಲ್ಲಿ ಘಟ್ಟ ಕೂಡಿಸುವವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಕೈ ಇವೆ. ಹಾಗಾದರೆ ನೀವೆಲ್ಲ ಮನೆಯೊಳಗೆ ಬೀಜ ಎಬ್ಬಿಸಿದವರೇ. ಪಾಡ್ಯದ ದಿನ ದೇವರ ಮನೆಯಲ್ಲಿ ಹೊಲದ ಮಣ್ಣು ಹರಡಿ, ನವಧಾನ್ಯ ಉದುರಿಸಿ, ನಡುವೆ ಗಡಿಗೆ ಇಟ್ಟು ದಿನಾ ನೀರು ಚಿಮುಕಿಸುತ್ತೀರಿ. ಮೂರನೇ ದಿನಕ್ಕೆ ಮೊಳಕೆ, ಒಂಬತ್ತನೇ ದಿನಕ್ಕೆ ಗೇಣುದ್ದ ಸಸಿ. ಅದರ ಬಣ್ಣ ನೆನಪು ಮಾಡಿಕೊಳ್ಳಿ. ಹಳದಿ ಅಲ್ವಾ? ಬಂಗಾರದ ಬಣ್ಣ ಅಂತ ನಾವು ಅದನ್ನು ತಲೆಯಲ್ಲಿ ಮುಡಿಯುತ್ತೇವೆ.

ಮನೆಯೊಳಗೆ ಅಗೆ, ಅಂದರೆ ಕಿತ್ತು ನೆಡುವ ಎಳೆ ಸಸಿ, ಎಬ್ಬಿಸುವ ಬಗ್ಗೆ ನಾನು ಇವತ್ತು ಹೇಳಬೇಕಾದದ್ದು ಹೆಚ್ಚುಕಮ್ಮಿ ಎಲ್ಲಾ ಆ ಹಳದಿ ಸಸಿಯಲ್ಲೇ ಇದೆ. ಬೀಜ ಏಳಲು ಬೆಳಕು ಬೇಕಿರಲಿಲ್ಲ. ತೇವ, ಹದವಾದ ಕಾವು, ಸ್ವಲ್ಪ ಗಾಳಿ, ಇಷ್ಟೇ ಸಾಕಾಯಿತು. ಎದ್ದ ಮೇಲೆ ಬೆಳಕು ಸಿಗಲಿಲ್ಲ, ಅದಕ್ಕೇ ಹಸಿರು ಕಟ್ಟಲಿಲ್ಲ. ಬೆಳಕು ಎಲ್ಲಿದೆ ಅಂತ ಹುಡುಕುತ್ತಾ ಉದ್ದಕ್ಕೆ ಬೆಳೆಯಿತು. ಗೋಧಿ, ಜೋಳದ ಕಾಳು ದೊಡ್ಡದು, ಒಳಗೆ ಬುತ್ತಿ ಜಾಸ್ತಿ ಇರುತ್ತದೆ, ಅದನ್ನೇ ತಿಂದುಕೊಂಡು ಒಂಬತ್ತು ದಿನ ಕತ್ತಲಲ್ಲಿ ಬದುಕುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ ಬೀಜಕ್ಕೆ ಅಷ್ಟು ದೊಡ್ಡ ಬುತ್ತಿ ಇಲ್ಲ. ಅದನ್ನು ಎದ್ದ ದಿನವೇ ಬೆಳಕಿಗೆ ತರಬೇಕು. ಒಂದು ದಿನ ತಡವಾದರೂ ಕಾಂಡ ದಾರದಂತಾಗುತ್ತದೆ. ಒಮ್ಮೆ ದಾರವಾದದ್ದು ಮತ್ತೆ ಕಡ್ಡಿಯಾಗುವುದು ಬಹಳ ಕಷ್ಟ.

ಇಷ್ಟು ಗೊತ್ತಿದ್ದೂ ನಮ್ಮಲ್ಲಿ ಬಹಳ ಜನ ಸೋಲುವುದು ಯಾಕೆ? ನನಗೆ ಕಾಣುವ ಕಾರಣ ಒಂದೇ. ನಾವು ನೋಡುವ ವಿಡಿಯೊಗಳು ಮುಕ್ಕಾಲು ಪಾಲು ಚಳಿ ದೇಶದವು. ಅಲ್ಲಿ ಏಪ್ರಿಲ್, ಮೇ ತನಕವೂ ಕೆಲವು ರಾತ್ರಿ ಮಂಜು ಹೆಪ್ಪುಗಟ್ಟಿ ಎಳೆ ಸಸಿಯನ್ನು ಕೊಲ್ಲುತ್ತದೆ, ಅದಕ್ಕೆ ಅವರು ಮನೆಯೊಳಗೆ ಬೀಜ ಹಾಕುತ್ತಾರೆ, ಕೆಳಗೆ ಬಿಸಿ ಮಾಡುವ ಹಾಸು ಇಡುತ್ತಾರೆ, ಮೇಲೆ ಪ್ಲಾಸ್ಟಿಕ್ ಮುಚ್ಚುತ್ತಾರೆ, ದಕ್ಷಿಣದ ಕಿಟಕಿ ಹುಡುಕುತ್ತಾರೆ. ಅದು ಅವರ ಊರಿಗೆ ಸರಿ. ನಮ್ಮ ಊರಲ್ಲಿ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವ ಬಿಸಿಲು. ಬಳ್ಳಾರಿ, ರಾಯಚೂರಿನ ಬಿಸಿಲನ್ನು ನಿಮಗೆ ನಾನು ಹೇಳಬೇಕಾ? ಅವರು ಚಳಿಗೆ ಹೆದರಿ ಒಳಗೆ ಹೋಗುತ್ತಾರೆ, ನಾವು ಬಿಸಿಲಿಗೆ ಹೆದರಿ ಒಳಗೆ ಹೋಗಬೇಕು. ಕೆಲಸ ಒಂದೇ, ಕಾರಣ ಉಲ್ಟಾ. ಕಾರಣ ಉಲ್ಟಾ ಆದಾಗ ಮಾಡುವ ರೀತಿಯೂ ಬೇರೆ ಆಗಬೇಕು.

ಒಳಗೆ ಅಗೆ ಹಾಕಲು ಬಿಸಿಲು ಬಿಟ್ಟು ಇನ್ನೂ ಒಂದು ಕಾರಣ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಎಲೆ ಮುರುಟುವುದು. ಟೊಮೆಟೊ ಎಲೆ ಮುರುಟುವ ವೈರಸ್ಸನ್ನು ಬಿಳಿ ನೊಣ ಹೊತ್ತು ತರುತ್ತದೆ. ಗಿಡ ಎಷ್ಟು ಎಳೆಯದಿದ್ದಾಗ ರೋಗ ತಗಲುತ್ತದೋ ಅಷ್ಟು ನಷ್ಟ ಜಾಸ್ತಿ. ಎರಡೆಲೆಯಲ್ಲೇ ತಗಲಿದರೆ ಆ ಗಿಡದಿಂದ ಕಾಯಿ ಸಿಗುವುದಿಲ್ಲ ಅಂತಲೇ ತಿಳಿಯಿರಿ. ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನಕಾಯಿ ಬೆಳೆಯುವವರು ಈಗ ನರ್ಸರಿಗಳಿಂದ ಟ್ರೇ ಸಸಿ ತರುತ್ತಾರಲ್ಲ, ಆ ನರ್ಸರಿಗಳು ಸುತ್ತಲೂ ಸಣ್ಣ ಕಣ್ಣಿನ ಬಲೆ ಕಟ್ಟುವುದು ಇದೇ ಕಾರಣಕ್ಕೆ. ನಿಮ್ಮ ಪಡಸಾಲೆಯ ಕಿಟಕಿಗೆ ಸೊಳ್ಳೆ ಜಾಳಿಗೆ ಇದೆ ಅಲ್ವಾ? ಬಿಳಿ ನೊಣ ಸೊಳ್ಳೆಗಿಂತ ಸಣ್ಣದು, ಜಾಳಿಗೆಯಲ್ಲಿ ನುಸುಳಬಲ್ಲದು. ಆದರೆ ಅದು ಇರುವುದು ಹೊರಗಿನ ಗಿಡಗಳಲ್ಲಿ. ನಿಮ್ಮ ಅಗೆ ಆ ಗಿಡಗಳಿಂದ ದೂರ ಒಂದು ತಿಂಗಳು ಬೆಳೆದರೆ ಅರ್ಧ ಗೆದ್ದ ಹಾಗೆ.

ಈಗ ಬೀಜದ ಮಾತು. ಪಾಕೀಟು ಕೊಳ್ಳುವಾಗ ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ. ಪರೀಕ್ಷೆ ಮಾಡಿದ ದಿನಾಂಕ, ಮೊಳಕೆಯ ಪ್ರಮಾಣ, ಎಲ್ಲಿಯ ತನಕ ಚಾಲ್ತಿ ಅಂತ ಬರೆದಿರಬೇಕು. ನಮ್ಮ ದೇಶದಲ್ಲಿ 1966ರ ಬೀಜ ಕಾಯ್ದೆ ಇದೆ. ಅದರ ಪ್ರಕಾರ ಟೊಮೆಟೊ, ಬದನೆ ಬೀಜ ಕನಿಷ್ಠ ನೂರಕ್ಕೆ 70 ಮೊಳೆಯಬೇಕು, ಮೆಣಸಿನಕಾಯಿಗೆ 60 ಸಾಕು. ಅಂದರೆ ನೀವು ಹತ್ತು ಮೆಣಸಿನ ಬೀಜ ಹಾಕಿ ಆರು ಎದ್ದರೆ ನಿಮ್ಮ ತಪ್ಪೇನೂ ಇಲ್ಲ, ಬೀಜದ ತಪ್ಪೂ ಇಲ್ಲ. ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ. ಕೆಲವು ಬೀಜ ಗುಲಾಬಿ, ನೀಲಿ ಬಣ್ಣ ಇರುತ್ತವೆ. ಅದು ಔಷಧಿ ಲೇಪ. ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದರೆ ಕೈ ತೊಳೆಯಿರಿ.

ಅಂಗಡಿಯ ಗಾಜಿನ ಹಿಂದೆ ಬಿಸಿಲಿಗೆ ತೂಗು ಹಾಕಿದ ಪಾಕೀಟು ಮಾತ್ರ ಬೇಡವೇ ಬೇಡ. ಬೀಜ ಜೀವಂತ ಇರುತ್ತದೆ, ಒಳಗೇ ಮೆಲ್ಲಗೆ ಉಸಿರಾಡುತ್ತಾ ಮುಪ್ಪಾಗುತ್ತಿರುತ್ತದೆ. ಹ್ಯಾರಿಂಗ್ಟನ್ ಅನ್ನುವ ಬೀಜ ವಿಜ್ಞಾನಿ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ: ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೆ ಬೀಜದ ಆಯುಷ್ಯ ಎರಡು ಪಟ್ಟು, ಬೀಜದೊಳಗಿನ ತೇವ ನೂರಕ್ಕೆ 1 ಇಳಿದರೂ ಎರಡು ಪಟ್ಟು. ಬೇಸಿಗೆಯಲ್ಲಿ ನಮ್ಮ ಕೋಣೆ 35 ಡಿಗ್ರಿ, ಫ್ರಿಜ್ಜಿನ ತರಕಾರಿ ಡಬ್ಬಿ ಸುಮಾರು 10. ಐದು ಸಲ ದುಪ್ಪಟ್ಟು ಮಾಡಿ ನೋಡಿ, 32 ಆಗುತ್ತದೆ. ಲೆಕ್ಕ ಪೂರ್ತಿ ಹೀಗೇ ಕೂಡಿಬರದಿದ್ದರೂ ದಾರಿ ಯಾವುದು ಅಂತ ಗೊತ್ತಾಯಿತಲ್ಲ. ಬಿಗಿ ಮುಚ್ಚಳದ ಸಣ್ಣ ಬಾಟಲಿ, ತಳದಲ್ಲಿ ಒಂದು ಚಮಚ ಹುರಿದು ಆರಿಸಿದ ಅಕ್ಕಿ, ಮೇಲೆ ಕಾಗದದ ಪೊಟ್ಟಣದಲ್ಲಿ ಬೀಜ, ಅದನ್ನು ಫ್ರಿಜ್ಜಿನಲ್ಲಿಡಿ.

ನಮ್ಮವ್ವ ಕುಷ್ಟಗಿ ಕಡೆಯವಳು. ಫ್ರಿಜ್ಜು ಇರಲಿಲ್ಲ. ಹೀರೆ, ಸೌತೆ ಬೀಜವನ್ನು ಹಸಿ ಕುಳ್ಳಿಗೆ ಒತ್ತಿ ಗೋಡೆಗೆ ಬಡಿಯುತ್ತಿದ್ದಳು. ಬದನೆ ಬೀಜವನ್ನು ಒಲೆಯ ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿ ಹಾಕಿ ಬಾಯಿ ಕಟ್ಟುತ್ತಿದ್ದಳು. ಬೂದಿ ತೇವ ಹೀರುತ್ತದೆ, ಹುಳ ಬರಲು ಬಿಡುವುದಿಲ್ಲ. ಮೇಲೆ ಹೇಳಿದ ಲೆಕ್ಕದ ಎರಡನೇ ಅರ್ಧ ಅವಳ ಗಡಿಗೆಯಲ್ಲಿತ್ತು.

ಹಳೇ ಬೀಜ ಇದೆ, ಹಾಕಬೇಕೋ ಬೇಡವೋ ಗೊತ್ತಿಲ್ಲ ಅಂತ ಬಹಳ ಜನ ಕೇಳುತ್ತಾರೆ. ಮಡಿಕೆ ಕಾಳು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತೀರಲ್ಲ, ಹಾಗೇ ಮಾಡಿ. ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಮಡಚಿ ಒಂದು ಡಬ್ಬಿಯಲ್ಲಿಡಿ. ಟೊಮೆಟೊ ಒಂದು ವಾರ, ಬದನೆ ಹತ್ತು ದಿನ, ಮೆಣಸಿನಕಾಯಿ ಎರಡು ವಾರ ಕಾಯಿರಿ. ಎಷ್ಟು ಮೂತಿ ತೆರೆಯಿತು ಎಣಿಸಿ. ಈರುಳ್ಳಿ ಬೀಜಕ್ಕೆ ಮಾತ್ರ ಈ ಪರೀಕ್ಷೆ ಬೇಡ, ಒಂದು ವರ್ಷ ದಾಟಿದ್ದರೆ ಹೊಸದು ತನ್ನಿ. ಅದರ ಆಯುಷ್ಯ ಅಷ್ಟೇ.

ಮನೆಯೊಳಗೆ ಏನೇನು ಹಾಕಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೂಲಂಗಿ, ಗಜ್ಜರಿ ಬೇಡ, ಬೇರು ಕಿತ್ತು ನೆಟ್ಟರೆ ಗೆಡ್ಡೆ ಸೊಟ್ಟ ಆಗುತ್ತದೆ. ಬೆಂಡೆ, ಚವಳಿ, ಮೆಂತೆ, ಪುಂಡಿ, ರಾಜಗಿರಿ ಇವಕ್ಕೆಲ್ಲ ನೇರ ಕುಂಡವೇ ಸರಿ. ಹೀರೆ, ಸೌತೆ ಹಾಕಬಹುದು, ಆದರೆ ಎರಡು ವಾರಕ್ಕೇ ಬೇರು ಅಲುಗದ ಹಾಗೆ ನೆಡಬೇಕು. ಒಳಗೆ ಬೆಳೆಸಲು ಸರಿಯಾದವು ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸು, ಹೂಕೋಸು, ಈರುಳ್ಳಿ, ಚೆಂಡುಹೂ.

ಮಣ್ಣಿನ ವಿಷಯಕ್ಕೆ ಬರೋಣ. ಎರೆಮಣ್ಣು ಹೊಲಕ್ಕೆ ಬಂಗಾರ, ಆದರೆ ಅಗೆ ಹಾಕುವ ಟೀ ಕಪ್ಪಿನಲ್ಲಿ ಬೇಡ. ನೀರು ಬಿದ್ದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಬಿರಿದಾಗ ಕೂದಲೆಳೆಯಂಥ ಬೇರು ಹರಿಯುತ್ತದೆ. ಬರೀ ಮಸಾರಿ ಮಣ್ಣು ಮೇಲೆ ಹಪ್ಪಳದಂತೆ ಗಟ್ಟಿಯಾಗಿ ಮೊಳಕೆಯನ್ನು ತಡೆಯುತ್ತದೆ. ನಾನು ಹಾಕುವುದು ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಎರೆಹುಳು ಗೊಬ್ಬರ, ಅಷ್ಟೇ. ಕೊಕೊಪೀಟನ್ನು ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ, ಕೆಲವದರಲ್ಲಿ ಉಪ್ಪು ಉಳಿದಿರುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆ ಹರಿಯಬಾರದು. ಅದೇ ಹದ.

ಪಾತ್ರೆಗೆ ದುಡ್ಡು ಹಾಕಬೇಡಿ. ನರ್ಸರಿಯವರು ಪ್ರೋಟ್ರೇ ಅನ್ನುವ 98 ಗುಳಿಯ ಪ್ಲಾಸ್ಟಿಕ್ ತಟ್ಟೆ ಬಳಸುತ್ತಾರೆ, ನಿಮಗೆ 98 ಬದನೆ ಸಸಿ ಯಾಕೆ? ಮೊಸರಿನ ಕಪ್ಪು, ಕಾಗದದ ಟೀ ಕಪ್ಪು ಸಾಕು. ತಳಕ್ಕೆ ಮೂರು ತೂತು ಕಡ್ಡಾಯ. ಮತ್ತೆ ಹೆಸರು, ತಾರೀಖು ಕಪ್ಪಿನ ಮೇಲೆ ಬರೆಯಿರಿ. ನೆನಪಿರುತ್ತದೆ ಅಂದುಕೊಂಡರೆ ಇರುವುದಿಲ್ಲ. ಸಣ್ಣ ಬದನೆ ಸಸಿಯೂ ಮೆಣಸಿನ ಸಸಿಯೂ ಮೊದಲ ವಾರ ಒಂದೇ ಥರ ಕಾಣುತ್ತವೆ.

ಬೀಜದ ದಪ್ಪದ ಎರಡು ಮೂರು ಪಟ್ಟು ಆಳ, ಅದಕ್ಕಿಂತ ಕೆಳಗೆ ಬೇಡ. ಟೊಮೆಟೊ ಬೀಜಕ್ಕೆ ಅರ್ಧ ಸೆಂಟಿಮೀಟರ್ ಸಾಕು. ಕಪ್ಪಿಗೆ ಎರಡು ಬೀಜ ಹಾಕಿ, ಎರಡೂ ಎದ್ದರೆ ಸೊರಗಿದ್ದನ್ನು ಕತ್ತರಿಯಲ್ಲಿ ಕತ್ತರಿಸಿ. ಕೀಳಬೇಡಿ, ಪಕ್ಕದ್ದರ ಬೇರೂ ಏಳುತ್ತದೆ. ಹಾಕಿದ ಮೇಲೆ ಮೇಲೆ ಒದ್ದೆ ಬಟ್ಟೆ ಅಥವಾ ಹಳೇ ಪತ್ರಿಕೆ ಮುಚ್ಚಿ.

ಇಡುವುದು ಎಲ್ಲಿ? ಇದೇ ಮುಖ್ಯ. ಟೊಮೆಟೊ, ಮೆಣಸಿನಕಾಯಿ ಬೀಜಕ್ಕೆ 25ರಿಂದ 30 ಡಿಗ್ರಿ ಅಂದರೆ ಹಬ್ಬ. 35 ದಾಟಿದರೆ ಏಳುವುದು ಕಡಿಮೆ, 40ಕ್ಕೆ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ನಮ್ಮದು ಆರ್‌ಸಿಸಿ ಮಾಳಿಗೆಯ ಮನೆ. ಒಂದು ಮೇ ತಿಂಗಳು ಅಡುಗೆ ಮನೆಯ ಮೇಲಿನ ಹಲಗೆಯಲ್ಲಿ ಕಪ್ಪು ಜೋಡಿಸಿಟ್ಟೆ, ಕೈಗೆ ಸಿಗುತ್ತದೆ ಅಂತ. ಹದಿನೈದು ದಿನವಾದರೂ ಒಂದೂ ಏಳಲಿಲ್ಲ. ಥರ್ಮಾಮೀಟರ್ ಇಟ್ಟು ನೋಡಿದರೆ ಮಧ್ಯಾಹ್ನ ಮೂರಕ್ಕೆ ಅಲ್ಲಿ 38. ಅದೇ ಮನೆಯಲ್ಲಿ ನೆಲದ ಕಡಪಾ ಕಲ್ಲಿನ ಮೇಲೆ, ಕುಡಿಯುವ ನೀರಿನ ಹರವಿಯ ಪಕ್ಕದಲ್ಲಿ 31. ಹರವಿ ಬೆವರುತ್ತದಲ್ಲ, ಆ ಬೆವರು ಆರುವಾಗ ಸುತ್ತಲಿನ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಅವತ್ತಿನಿಂದ ನನ್ನ ಬೀಜಗಳ ಜಾಗ ಹರವಿಯ ಬುಡ. ಹರವಿ ಇಲ್ಲದವರು ಒಂದು ಅಗಲ ತಟ್ಟೆಯಲ್ಲಿ ಒದ್ದೆ ಗೋಣಿತಟ್ಟು ಹಾಸಿ ಅದರ ಮೇಲೆ ಕಪ್ಪು ಇಡಿ, ಸಾಕು. ಮೇಲೆ ಬಿಗಿಯಾಗಿ ಪ್ಲಾಸ್ಟಿಕ್ ಮುಚ್ಚುವುದು ನಮ್ಮ ಊರಿಗೆ ಬೇಡ.  

ಐದನೇ ದಿನದಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಟ್ಟೆ ಎತ್ತಿ ನೋಡಿ. ಇದು ಬಹಳ ಚೆಂದದ ಹೊತ್ತು. ಮೊದಲು ಎಲೆ ಕಾಣುವುದಿಲ್ಲ, ಬಿಳಿ ದಾರದ ಕೊಕ್ಕೆ ಕಾಣುತ್ತದೆ. ತಲೆ ಇನ್ನೂ ಮಣ್ಣೊಳಗೇ ಇರುತ್ತದೆ, ಬೆನ್ನು ಮಾತ್ರ ಹೊರಗೆ. ಬಾಣಂತಿ ಕೋಣೆಯ ಬಾಗಿಲಲ್ಲಿ ಬಗ್ಗಿ ಹೊರಗೆ ಬರುವವರ ಹಾಗೆ, ಎಲೆಗೆ ಪೆಟ್ಟಾಗದಂತೆ ಬೆನ್ನು ಕೊಟ್ಟು ಮಣ್ಣು ತಳ್ಳುತ್ತದೆ. ಆಮೇಲೆ ನೆಟ್ಟಗಾಗಿ ಎರಡು ಬೀಜದೆಲೆ ಬಿಚ್ಚುತ್ತದೆ. ಕೆಲವೊಮ್ಮೆ ಬೀಜದ ಸಿಪ್ಪೆ ತಲೆಯ ಮೇಲೆ ಟೋಪಿಯ ಹಾಗೆ ಅಂಟಿಕೊಂಡಿರುತ್ತದೆ. ಎಳೆಯಬೇಡಿ, ಕತ್ತು ಮುರಿಯುತ್ತದೆ. ಬೆರಳ ತುದಿಯಿಂದ ಒಂದು ಹನಿ ನೀರು ಆ ಟೋಪಿಯ ಮೇಲೆ ಬಿಟ್ಟು ಅರ್ಧ ಗಂಟೆ ಬಿಡಿ, ತಾನೇ ಜಾರುತ್ತದೆ. ಮೊದಲ ಕೊಕ್ಕೆ ಕಂಡ ಕ್ಷಣ ಬಟ್ಟೆ ತೆಗೆದು ಕಪ್ಪನ್ನು ಕಿಟಕಿಗೆ ಒಯ್ಯಿರಿ. ಉಳಿದವು ಏಳಲಿ ಅಂತ ಕಾಯಬೇಡಿ.

ಯಾವ ಕಿಟಕಿ? ಚಳಿ ದೇಶದವರ ಹಾಗೆ ದಕ್ಷಿಣದ್ದು ಅಂತ ಕಣ್ಣು ಮುಚ್ಚಿ ಇಟ್ಟರೆ ಜೂನ್ ತಿಂಗಳಲ್ಲಿ ಸಸಿ ಹಳದಿಯಾಗುತ್ತದೆ. ಬಳ್ಳಾರಿ, ಕೊಪ್ಪಳ 15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ, ರಾಯಚೂರು 16. ಮೇ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನಮ್ಮ ನೆತ್ತಿಗೆ ಬರುತ್ತಾನೆ, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆಮೇಲೆ ಉತ್ತರಕ್ಕೆ ಸರಿಯುತ್ತಾನೆ. ಆಗಸ್ಟ್ ಎರಡನೇ ವಾರದಲ್ಲಿ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ ಇಳಿಯುತ್ತಾನೆ. ಅಂದರೆ ಮೇಯಿಂದ ಆಗಸ್ಟ್ ತನಕ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಉತ್ತರದ ಕಿಟಕಿಗೆ ಇದೆ. ಡಿಸೆಂಬರಿನಲ್ಲಿ ದಕ್ಷಿಣದ ಬಿಸಿಲು ಪಡಸಾಲೆಯ ನಡುವಿನ ತನಕ ಬರುತ್ತದೆ, ಅದು ನಿಮಗೇ ಗೊತ್ತು. ಪೂರ್ವದ ಕಿಟಕಿ ವರ್ಷವಿಡೀ ನಂಬಿಗಸ್ತ, ಬೆಳಗಿನ ಬಿಸಿಲು ಸಸಿಗೆ ಹಿತ. ಪಡುವಣ ಕಿಟಕಿ ಬೇಡ. ಮಧ್ಯಾಹ್ನ ಮೂರರ ಬಿಸಿಲು ಗಾಜಿನ ಹಿಂದೆ ಎಳೆ ಎಲೆಯನ್ನು ಸುಡುತ್ತದೆ.

ಕಿಟಕಿಯೇ ಸರಿ ಇಲ್ಲ ಅನ್ನುವವರು 20 ವ್ಯಾಟ್‌ನ ಬಿಳಿ ಎಲ್‌ಇಡಿ ಟ್ಯೂಬ್ ತನ್ನಿ. ಸಸಿಯ ತಲೆಯಿಂದ ಒಂದು ಗೇಣಿಗಿಂತ ಹತ್ತಿರ ಇರಬೇಕು, ದಿನಕ್ಕೆ 14 ತಾಸು ಉರಿಯಬೇಕು. ಮಾಳಿಗೆಯ ದೀಪ ನಮ್ಮ ಕಣ್ಣಿಗೆ ಬೆಳಕು, ಸಸಿಗೆ ಅದು ಕತ್ತಲೆಯೇ. ಗಿಡ ಕಿಟಕಿಯ ಕಡೆ ಬಾಗುತ್ತಿದ್ದರೆ ದಿನಾ ಕಪ್ಪನ್ನು ಅರ್ಧ ಸುತ್ತು ತಿರುಗಿಸಿ. ಹಾಗೇ ಹೋಗುತ್ತಾ ಬರುತ್ತಾ ಅಂಗೈಯಿಂದ ಸಸಿಗಳ ತಲೆ ಸವರಿ. ಮಕ್ಕಳ ತಲೆ ಸವರಿದ ಹಾಗೆ, ಒಂದು ಹತ್ತು ಸಲ. ಗಾಳಿಗೆ ಅಲುಗಿದ ಗಿಡ ಕುಳ್ಳಗೆ, ಗಟ್ಟಿಯಾಗಿ ಬೆಳೆಯುತ್ತದೆ, ಈ ಸವರುವಿಕೆ ಗಾಳಿಯ ಕೆಲಸ ಮಾಡುತ್ತದೆ.

ನೀರಿಲ್ಲದೆ ಒಣಗಿ ಸತ್ತ ಸಸಿಗಿಂತ ನೀರು ಜಾಸ್ತಿಯಾಗಿ ಸತ್ತದ್ದೇ ಹೆಚ್ಚು. ನನ್ನ ಮೊದಲ ವರ್ಷ ಒಂದೇ ಡಬ್ಬಿಯಲ್ಲಿ ನಲವತ್ತು ಟೊಮೆಟೊ ಒತ್ತೊತ್ತಾಗಿ ಎದ್ದಿದ್ದವು. ಪ್ರೀತಿಯಿಂದ ದಿನಕ್ಕೆ ಎರಡು ಸಲ ನೀರು ಹಾಕಿದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೂಲೆಯ ಐದಾರು ಸಸಿ ಮಲಗಿದ್ದವು. ಎಲೆ ಹಸಿರಾಗಿಯೇ ಇತ್ತು, ಬುಡ ಮಾತ್ರ ಹಿಸುಕಿದ ಹಾಗೆ ಕಂದಾಗಿ ಸಣ್ಣಗಾಗಿತ್ತು. ಮೂರನೇ ದಿನಕ್ಕೆ ನಲವತ್ತೂ ಹೋದವು. ತುಂಬಾ ಅತ್ತಿದ್ದೆ ಅವತ್ತು. ಅದು ಬುಡ ಕೊಳೆಯುವ ರೋಗ. ಪಿಥಿಯಂ ಥರದ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಗಳು ಒದ್ದೆ ಮಣ್ಣು, ಆಡದ ಗಾಳಿ, ಒತ್ತಾದ ಸಸಿ ಸಿಕ್ಕರೆ ಒಂದರಿಂದ ಒಂದಕ್ಕೆ ಓಡುತ್ತವೆ. ಬಿದ್ದದ್ದನ್ನು ಉಳಿಸುವ ಔಷಧಿ ಇಲ್ಲ, ಬರದ ಹಾಗೆ ನೋಡಿಕೊಳ್ಳಬೇಕು. ಗೊಬ್ಬರದ ಅಂಗಡಿಯಲ್ಲಿ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರದ ಪುಡಿ ಸಿಗುತ್ತದೆ, ಒಂದು ಕಿಲೋ ಮಿಶ್ರಣಕ್ಕೆ 10 ಗ್ರಾಂ ಕಲಸಿ. ಅದಕ್ಕಿಂತ ಮುಖ್ಯ, ನೀರನ್ನು ಕೆಳಗಿನಿಂದ ಕೊಡಿ. ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ ಕಪ್ಪುಗಳನ್ನು ಹದಿನೈದು ನಿಮಿಷ ನಿಲ್ಲಿಸಿ, ಆಮೇಲೆ ಎತ್ತಿಬಿಡಿ. ಮತ್ತೆ ಕಪ್ಪು ಎತ್ತಿದಾಗ ಹಗುರ ಅನಿಸುವ ತನಕ ನೀರು ಬೇಡ.

ಬೋರಿನ ನೀರು ಬೇಡ ಅಂತ ಹೇಳುವುದು ಮರೆತಿದ್ದೆ. ನಮ್ಮ ಕಡೆಯ ಬಹಳಷ್ಟು ಬೋರುಗಳು ಸವಳು. ಕಪ್ಪಿನ ಅಂಚಿಗೆ ಬಿಳಿ ಉಂಗುರ ಕಟ್ಟಿದರೆ ಅದೇ ಗುರುತು. ದೊಡ್ಡ ಗಿಡ ತಡೆಯುತ್ತದೆ, ಎರಡೆಲೆಯ ಸಸಿ ತಡೆಯುವುದಿಲ್ಲ. ಇಪ್ಪತ್ತು ಸಸಿಗೆ ದಿನಕ್ಕೆ ಒಂದು ತಂಬಿಗೆ ನೀರೂ ಬೇಡ, ಕುಡಿಯುವ ನೀರನ್ನೇ ಕೊಡಿ. ಮಳೆ ಬಂದಾಗ ಒಂದು ಕೊಡ ಹಿಡಿದಿಟ್ಟುಕೊಂಡರೆ ಇನ್ನೂ ಚೆನ್ನ.

ಇನ್ನು ಯಾವಾಗ ಹಾಕಬೇಕು ಅನ್ನುವುದು. ಇದಕ್ಕೆ ನನ್ನ ಹತ್ತಿರ ಇರುವುದು ನಮ್ಮ ಹಿರಿಯರ ಮಳೆ ಲೆಕ್ಕ. 27 ಮಳೆ ನಕ್ಷತ್ರ, ಒಂದೊಂದು ಹದಿಮೂರು ಹದಿನಾಲ್ಕು ದಿನ. ಮೆಣಸಿನ ಅಗೆ ನಾಟಿಗೆ ಬರಲು ಸುಮಾರು 40 ದಿನ, ಅಂದರೆ ಮೂರು ಮಳೆ. ಟೊಮೆಟೊಗೆ 27 ದಿನ, ಎರಡು ಮಳೆ. ಬದನೆ ಇವೆರಡರ ನಡುವೆ. ನಮ್ಮ ಜಿಲ್ಲೆಗಳಲ್ಲಿ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರಿನಲ್ಲಿ, ಆಮೇಲೆ ತಂಪು. ತಾರಸಿ ತೋಟಕ್ಕೆ ಹಸ್ತಾ ಮಳೆಯ ಹೊತ್ತಿಗೆ ನೆಟ್ಟರೆ ನವೆಂಬರ್‌ನಿಂದ ಫೆಬ್ರವರಿ ತನಕ ಕಾಯಿ. ಹಗಲು 35 ದಾಟಿ, ರಾತ್ರಿಯೂ ಸೆಖೆ ಇಳಿಯದಿದ್ದರೆ ಟೊಮೆಟೊ ಹೂ ಉದುರಿಸುತ್ತದೆ, ಆದ್ದರಿಂದ ಈ ತಂಪಿನ ನಾಲ್ಕು ತಿಂಗಳನ್ನು ಕಳೆದುಕೊಳ್ಳಬೇಡಿ. ಹಸ್ತಾದಿಂದ ಹಿಂದಕ್ಕೆ ಎಣಿಸಿ: ಉತ್ತರಾ, ಹುಬ್ಬಾ, ಮಘಾ. ಮೂರು. ಈಗ ಮಘಾ ಮಳೆ ಶುರುವಾಗಿದೆ. ಮೆಣಸಿನಕಾಯಿ ಈ ವಾರವೇ ಹಾಕಬೇಕು. ಟೊಮೆಟೊ ಹುಬ್ಬಾ ಶುರುವಾದಾಗ, ಅಂದರೆ ತಿಂಗಳ ಕೊನೆಗೆ. ಮೃಗಶಿರಾ ಮಳೆಗೆ ನೆಡಬೇಕು ಅನ್ನುವವರು ಮುಂದಿನ ವರ್ಷ ಭರಣಿಯಲ್ಲಿ ಮೆಣಸಿನಕಾಯಿ ಹಾಕಿ. ಭರಣಿ, ಕೃತ್ತಿಕಾ, ರೋಹಿಣಿ, ಹೊರಗೆ ಬೆಂಕಿ ಸುರಿಯುವ ಮೂರು ಮಳೆಯನ್ನು ಅಗೆ ಹರವಿಯ ಬುಡದಲ್ಲಿ, ಪೂರ್ವದ ಕಿಟಕಿಯಲ್ಲಿ ಕಳೆಯಲಿ.

ಒಬ್ಬ ಅಕ್ಕ ಈಗಷ್ಟೇ ಕೇಳಿದರು, ಒಳಗೆ ಚೆನ್ನಾಗಿದ್ದ ಸಸಿ ಹೊರಗಿಟ್ಟ ಒಂದೇ ದಿನಕ್ಕೆ ಬಿಳಿಚಿಕೊಂಡಿತು, ಯಾಕೆ ಅಂತ. ಅಕ್ಕಾ, ಅದು ಬಿಸಿಲಿನ ಸುಟ್ಟ ಗಾಯ. ನೆರಳಲ್ಲಿ ಬೆಳೆದ ಎಲೆಗೆ ಚರ್ಮ ತೆಳು. ಎಂಟು ಹತ್ತು ದಿನ ಅಭ್ಯಾಸ ಮಾಡಿಸಬೇಕು. ಮೊದಲ ಎರಡು ದಿನ ಬೆಳಗಿನ ಬಿಸಿಲು ಅರ್ಧ ತಾಸು, ಆಮೇಲೆ ಒಂದು ತಾಸು, ಎರಡು ತಾಸು. ಕೊನೆಯ ಎರಡು ರಾತ್ರಿ ಹೊರಗೇ ಇರಲಿ. ನೀರೂ ಸ್ವಲ್ಪ ಕಡಿಮೆ ಮಾಡಿ. ಕಾಂಡಕ್ಕೆ ಸ್ವಲ್ಪ ನೇರಳೆ ಬಣ್ಣ ಬಂದರೆ ಗಾಬರಿ ಬೇಡ, ಗಟ್ಟಿಯಾಗುತ್ತಿದೆ ಅಂತ ಅರ್ಥ.

ನೆಡುವುದು ಸಂಜೆ ಐದರ ಮೇಲೆ. ಟೊಮೆಟೊ ಸಸಿಯನ್ನು ಕೆಳಗಿನ ಎಲೆ ಚಿವುಟಿ ಅರ್ಧ ಕಾಂಡ ಮುಳುಗುವಷ್ಟು ಆಳಕ್ಕೆ ನೆಡಿ, ಹೂತ ಕಾಂಡದಿಂದಲೂ ಬೇರು ಬರುತ್ತದೆ. ಸಸಿ ಸ್ವಲ್ಪ ಉದ್ದವಾಗಿ ಬಳುಕಿದ್ದರೂ ಇದರಿಂದ ಸರಿಹೋಗುತ್ತದೆ. ಮೆಣಸಿನಕಾಯಿ, ಬದನೆ ಹಾಗಲ್ಲ, ಕಪ್ಪಿನಲ್ಲಿ ಎಷ್ಟಿತ್ತೋ ಅಷ್ಟೇ ಆಳ. ನೆಟ್ಟ ಮೇಲೆ ಎಕ್ಕದ ಎಲೆಯನ್ನೋ ಮುತ್ತುಗದ ಎಲೆಯನ್ನೋ ಪಡುವಣ ಕಡೆಗೆ ಮರೆ ಮಾಡಿ ಸಿಕ್ಕಿಸಿ, ಮೂರು ದಿನ ಇರಲಿ.

ಬಾಗಿಲ ಹತ್ತಿರದ ಮೇಜಿನ ಮೇಲೆ ಬ್ಯಾಡಗಿ ಮೆಣಸಿನ ಬೀಜದ ಪೊಟ್ಟಣ ಇಟ್ಟಿದ್ದೇನೆ. ಒಂದೊಂದರಲ್ಲಿ ಹನ್ನೆರಡು ಬೀಜ ಇವೆ, ಹೋದ ವಾರ ಹತ್ತು ಹಾಕಿ ನೋಡಿದ್ದೆ, ಎಂಟು ಮೂತಿ ತೆರೆದಿವೆ. ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಿ. ಹೋಗುವಾಗ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡಿಕ್ಕಿಯಲ್ಲಿ ಹಾಕಬೇಡಿ, ಜೇಬಿನಲ್ಲೋ ಪರ್ಸಿನಲ್ಲೋ ಇರಲಿ. ಇವತ್ತೇ ರಾತ್ರಿ ಕೊಕೊಪೀಟ್ ನೆನೆಹಾಕಿ.